ಬಾರಿಯೋಸ್ ಅವರ ‘ಲಾ ಕತೆದ್ರಾಲ್’: ಕೊನೆಯ ಭಾಗ ಬಿಟ್ಟು ನುಡಿಸಬಹುದಾ?

ಪ್ರಶ್ನೆ:
ನಮಸ್ಕಾರ. ಮೈಸೂರಿನಲ್ಲಿ ಕ್ಲಾಸಿಕಲ್ ಗಿಟಾರ್ ಕಲಿಯುತ್ತಿದ್ದೇನೆ, ಇದು ಐದನೇ ವರ್ಷ. ಪರಾಗ್ವೆಯ ಗಿಟಾರ್ ವಾದಕ, ಸಂಗೀತಕಾರ ಅಗುಸ್ತಿನ್ ಬಾರಿಯೋಸ್ ಅವರ ಮೂರು ಭಾಗಗಳ ‘ಲಾ ಕತೆದ್ರಾಲ್’ (ದೊಡ್ಡ ಚರ್ಚು ಅಂತ ಅರ್ಥ) ಹಿಡಿದು ಆರು ತಿಂಗಳಾಯಿತು. ಮೊದಲೆರಡು ಭಾಗ ಕೈಗೆ ಕೂತಿವೆ. ಕೊನೆಯ ಅಲೆಗ್ರೋ, ಅಂದರೆ ವೇಗದ ಭಾಗ ಮಾತ್ರ ಬರುತ್ತಲೇ ಇಲ್ಲ. ಮುಂದಿನ ತಿಂಗಳು ಕ್ಲಾಸಿನಲ್ಲಿ ನುಡಿಸಬೇಕು. ಮೊದಲೆರಡನ್ನೇ ನುಡಿಸಿದರೆ ತಪ್ಪಾ? ಇನ್ನೊಂದು, ಅವರು ಸ್ಟೀಲ್ ತಂತಿ ಹಾಕುತ್ತಿದ್ದರು, ತಲೆಗೆ ಗರಿ ಕಟ್ಟಿಕೊಂಡು ನುಡಿಸುತ್ತಿದ್ದರು ಅಂತಾರೆ. ನಿಜವಾ?

ಉತ್ತರ 1:
ಬಿಡಲೇಬೇಕು ಅಂದರೆ ಮೊದಲನೆಯದನ್ನು ಬಿಡಿ, ಕೊನೆಯದನ್ನಲ್ಲ. 1921ರಲ್ಲಿ ಉರುಗ್ವೆಯಲ್ಲಿದ್ದಾಗ ಅವರು ಬರೆದದ್ದು ಎರಡೇ ಭಾಗ, ನಿಧಾನಗತಿಯ ಆಂದಾಂತೆ ಮತ್ತು ಅಲೆಗ್ರೋ. ‘ಸೌದಾದೆ’ ಎಂಬ ಪ್ರೆಲ್ಯೂಡ್, ಅಂದರೆ ಈಗಿನ ಮೊದಲ ಭಾಗ, ಸೇರಿಸಿದ್ದು 1938ರಲ್ಲಿ, ಕ್ಯೂಬಾದ ಹವಾನಾದಲ್ಲಿ. ಹದಿನೇಳು ವರ್ಷ ಅದಿಲ್ಲದೆಯೇ ಕೃತಿ ನಿಂತಿತ್ತು, ಅಲ್ವಾ? ಆಂದಾಂತೆ ಚರ್ಚಿನ ಒಳಗಿನ ಗಂಭೀರ ಸ್ವರಗಳು, ಅಲೆಗ್ರೋ ಹೊರಗಿನ ಬೀದಿಯ ಗಡಿಬಿಡಿ ಅಂತ ಹೇಳುತ್ತಾರೆ. ಬಾಗಿಲು ದಾಟುವ ಆ ಕ್ಷಣವೇ ಈ ಕೃತಿಯ ಜೀವ. ಒಳಗೇ ನಿಲ್ಲಿಸಿಬಿಡಬೇಡಿ.

ನಾನು ಒಂದಿಡೀ ಮಳೆಗಾಲ ಅಲೆಗ್ರೋದ ಮೊದಲ ಪುಟದಲ್ಲೇ ಕಳೆದೆ. ಬಲಗೈ ಎತ್ತಿಟ್ಟು, ಎಡಗೈಯಿಂದ ಮಾತ್ರ ಒಂದೊಂದು ಕಾರ್ಡ್ (ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪು) ಪೂರ್ತಿ ಒತ್ತಿ, ಮುಂದಿನದಕ್ಕೆ ಸದ್ದಿಲ್ಲದೆ ಸರಿಯುತ್ತಿದ್ದೆ. ಬೆರಳುಗಳು ಒಟ್ಟಿಗೆ ಇಳಿಯಲು ಶುರುವಾದ ಮೇಲೆ ವೇಗ ತಾನಾಗಿ ಬಂತು. ನಿಧಾನಕ್ಕೇ ನುಡಿಸಿ, ಆದರೆ ನಿಲ್ಲಿಸದೆ ನುಡಿಸಿ.

ತಂತಿಯ ಮಾತು ನಿಜ. ಆಗ ನೈಲಾನ್ ತಂತಿ ಇರಲಿಲ್ಲ, ಹೆಚ್ಚಿನವರದು ಪ್ರಾಣಿಗಳ ಕರುಳಿನ ತಂತಿ. ಸೆಖೆ, ತೇವದ ಊರುಗಳಲ್ಲಿ ಅದು ಬೇಗ ಹಾಳಾಗುತ್ತದೆ. ಬಾರಿಯೋಸ್ ವರ್ಷಗಟ್ಟಲೆ ಅಂಥ ಊರುಗಳನ್ನೇ ಸುತ್ತಿದವರು. ಸ್ಟೀಲಿನ ಚುರುಕು ಸದ್ದು ತಗ್ಗಿಸಲು ತಂತಿ ಕಟ್ಟುವ ಬ್ರಿಡ್ಜ್ ಹತ್ತಿರ ತಂತಿಗೆ ಚೂರು ರಬ್ಬರ್ ಸಿಕ್ಕಿಸುತ್ತಿದ್ದರು. ಇದನ್ನೇ ಹಿಡಿದು ಅವರನ್ನು ಕೀಳಾಗಿ ಕಂಡವರಿದ್ದರು. ನನಗೆ ಇದು ಇಂದಿಗೂ ಅನ್ಯಾಯ ಅನಿಸುತ್ತದೆ. ಅವರ ಹಳೆಯ ರೆಕಾರ್ಡಿಂಗ್‌ಗಳು 1910ರ ದಶಕದಿಂದಲೇ ಇವೆ. ಕರಕರ ಸದ್ದಿನ ನಡುವೆಯೂ ಆ ಹಾಡುವ ಗುಣ ಕೇಳಿಸುತ್ತದೆ.

ಗರಿಯೂ ನಿಜ. 1930ರ ದಶಕದಲ್ಲಿ ‘ನಿತ್ಸುಗಾ ಮಾಂಗೊರೆ’ ಅಂತ ಹೆಸರಿಟ್ಟುಕೊಂಡರು. ನಿತ್ಸುಗಾ ಅಂದರೆ ಅಗುಸ್ತಿನ್ ಅನ್ನೋದನ್ನೇ ತಿರುಗಿಸಿ ಬರೆದದ್ದು. ಮಾಂಗೊರೆ ಅಲ್ಲಿನ ಮೂಲನಿವಾಸಿ ನಾಯಕನೊಬ್ಬನ ಹೆಸರು. ‘ಪರಾಗ್ವೆಯ ಕಾಡಿನಿಂದ ಬಂದ ಗಿಟಾರಿನ ಪಗನಿನಿ’ ಅಂತ ಪ್ರಚಾರ; ಪಗನಿನಿ ಅಂದರೆ ಹೆಸರಾಂತ ಪಿಟೀಲು ವಾದಕ. ಆ ವೇಷದಲ್ಲಿ ಕೂತು ಜರ್ಮನಿಯ ಸಂಗೀತಕಾರ ಬಾಖ್ ಅವರ ಕೃತಿ ನುಡಿಸುತ್ತಿದ್ದರು!

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅವರ ಕೊನೆಯ ಕೃತಿಯನ್ನೂ ಕೇಳಿ, ‘ದೇವರ ಹೆಸರಲ್ಲಿ ಒಂದು ಭಿಕ್ಷೆ’ ಅಂತ ಅರ್ಥ ಬರುವ ಹೆಸರು. ಮೇಲೆ ಟ್ರೆಮೊಲೊ (ಒಂದೇ ಸ್ವರವನ್ನು ಬೇಗ ಬೇಗ ಮೀಟುವುದು) ನಡೆಯುತ್ತಿರುತ್ತದೆ, ಕೆಳಗೆ ಬಾಗಿಲು ತಟ್ಟಿದಂಥ ಸದ್ದು ಮತ್ತೆ ಮತ್ತೆ ಬರುತ್ತದೆ. ಅದೇ ವರ್ಷ, 1944ರ ಆಗಸ್ಟ್ 7ರಂದು, ಅವರು ಎಲ್ ಸಾಲ್ವಡಾರ್ ದೇಶದ ರಾಜಧಾನಿ ಸಾನ್ ಸಾಲ್ವಡಾರ್‌ನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅಲ್ಲಿ ಪಾಠ ಹೇಳುತ್ತಿದ್ದರು. 1977ರಲ್ಲಿ ಗಿಟಾರ್ ವಾದಕ ಜಾನ್ ವಿಲಿಯಮ್ಸ್ ಒಂದಿಡೀ ಆಲ್ಬಂ ಇವರ ಕೃತಿಗಳಿಗೇ ಮೀಸಲಿಟ್ಟ ಮೇಲೆ ಜಗತ್ತಿನ ಎಲ್ಲೆಡೆ ಇವರನ್ನು ನುಡಿಸತೊಡಗಿದರು. ಈಗ ಪರಾಗ್ವೆಯ 50,000 ಗ್ವಾರಾನಿ ನೋಟಿನ ಮೇಲೆ ಇವರದೇ ಮುಖ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಬಲಗೈ ಮಡಿಲಲ್ಲಿಟ್ಟುಕೊಂಡು ಎಡಗೈ ಮಾತ್ರ ಆಡಿಸಿದೆ. ನಾಲ್ಕನೇ ಸಾಲಿನಲ್ಲಿ ಕಿರುಬೆರಳು ಒಂದೇ ಹಿಂದೆ ಬೀಳುತ್ತಿದೆ ಅಂತ ಈಗ ಗೊತ್ತಾಯಿತು. ಪ್ರೆಲ್ಯೂಡ್ ಬಿಟ್ಟು ಆಂದಾಂತೆಯಿಂದಲೇ ಶುರುಮಾಡುತ್ತೇನೆ.