ಅತ್ತೆ ಮನೆಯ ಸತ್ಯವೇದ: ಓದುಗರ ಸ್ಪಂದನ

(ಕಳೆದ ಸಂಚಿಕೆಯ ಸಮಸ್ಯೆ: ಹುಬ್ಬಳ್ಳಿಯ ಕಥೋಲಿಕ ಗೃಹಿಣಿ. ಗಂಡನ ಮನೆಯವರು ಬಾಸೆಲ್ ಮಿಷನ್ ಕಾಲದಿಂದ ಪ್ರೊಟೆಸ್ಟೆಂಟರು. ಅತ್ತೆ ಕೊಟ್ಟ ಹಳೆಯ ಸತ್ಯವೇದ (ಪ್ರೊಟೆಸ್ಟೆಂಟರ ಕನ್ನಡ ಬೈಬಲ್) ಓದಿದರೆ, ಕಥೋಲಿಕರು ಅದನ್ನು ಓದಬಾರದೆಂದು ತಾಯಿ, ತವರಿನವರು ಆಕ್ಷೇಪಿಸುತ್ತಾರೆ. ಮಗಳು ಪ್ರಥಮ ಪರಮಪ್ರಸಾದಕ್ಕೆ (ಚರ್ಚಿನಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ ವಿಧಿಗೆ) ಸಿದ್ಧಳಾಗುತ್ತಿದ್ದಾಳೆ.)

ಧಾರವಾಡದಿಂದ

ಸಹೋದರಿ, ನಿಮ್ಮ ತಾಯಿಯವರು ಹೇಳುವುದು ಸುಳ್ಳಲ್ಲ, ಹಳೆಯದು. 1917ರ ಧರ್ಮಸಭಾ ಕಾನೂನಿನ 1399ನೇ ವಿಧಿ ಕಥೋಲಿಕರಲ್ಲದವರು ಹೊರತಂದ ಬೈಬಲುಗಳನ್ನು ನಿಷೇಧಿಸಿತ್ತು; ದೈವಶಾಸ್ತ್ರ, ಬೈಬಲ್ ಅಧ್ಯಯನ ಮಾಡುವವರಿಗೆ ಮಾತ್ರ ವಿನಾಯಿತಿ. ಹಿರಿಯರ ಮನಸ್ಸಿನಲ್ಲಿ ಉಳಿದಿರುವುದು ಆ ಕಾಲ. 1965ರ ನವೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೇ, ಬೇರೆ ಸಭೆಗಳವರ ಜೊತೆಗೂಡಿ ಮಾಡಿದ ಅನುವಾದವನ್ನು ಅಧಿಕಾರಿಗಳ ಒಪ್ಪಿಗೆಯಿದ್ದರೆ ಎಲ್ಲ ಕ್ರೈಸ್ತರೂ ಬಳಸಬಹುದೆಂದಿತು. ಈಗಿನ 1983ರ ಕಾನೂನಿನ 825ನೇ ವಿಧಿ ಬೈಬಲ್ ಪ್ರಕಟಿಸುವುದಕ್ಕೆ ಅನುಮತಿ ಕೇಳುತ್ತದೆ; ಮನೆಯಲ್ಲಿ ಓದುವವರನ್ನು ತಡೆಯುವುದಿಲ್ಲ. ಇದನ್ನು ತಾಯಿಯವರಿಗೆ ಸಮಾಧಾನದಿಂದ ತಿಳಿಸಿರಿ.

ಗದಗ-ಬೆಟಗೇರಿಯಿಂದ

ಅಕ್ಕಾರ, ಮೊದಲ ಪರಿವಿಡಿ ತಗದು ಹಳೇ ಒಡಂಬಡಿಕೆ ಪುಸ್ತಕ ಎಣಸ್ರಿ. ಸತ್ಯವೇದದಾಗ 39, ಕಥೋಲಿಕ ಬೈಬಲಿನ್ಯಾಗ 46. ಹೊಸ ಒಡಂಬಡಿಕೆ ಎರಡರಾಗೂ 27 ಅಷ್ಟ, ಅಲ್ಲಿ ತಕರಾರಿಲ್ಲ. ಇಲ್ಲದ ಏಳು ಅಂದ್ರ ತೋಬಿತ, ಯೂದಿತ, ಮಕ್ಕಬಿಯರ ಎರಡು, ಜ್ಞಾನಗ್ರಂಥ, ಸಿರಾಖ, ಬಾರೂಕ. ಎಸ್ತೇರ, ದಾನಿಯೇಲದಾಗೂ ಕೆಲವು ಭಾಗ ಇರೂದಿಲ್ಲ. ಕಥೋಲಿಕರಿಗೆ ಇವು 1546ರ ಟ್ರೆಂಟ್ ಮಹಾಸಭೆ ಖಚಿತ ಮಾಡಿದ ಧರ್ಮಗ್ರಂಥ. ಆದ್ರ ನಿಮ್ಮ ಅತ್ತಿಯವರ ಹಿರಿಯಾರು ಇವನ್ನ ಕಿತ್ತು ಒಗದಾರ ಅನ್ನಬ್ಯಾಡ್ರಿ. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲಿನ್ಯಾಗ ಸೈತ ಇವು ಬ್ಯಾರೆ ಭಾಗವಾಗಿ ಇದ್ದವು. 1826ರಾಗ ಲಂಡನ್ನಿನ ಬೈಬಲ್ ಸೊಸೈಟಿ ಇವಕ್ಕ ರೊಕ್ಕ ಕೊಡೂದಿಲ್ಲಂತ ಠರಾವು ಮಾಡಿತು. ಮುಂದ ಮಿಷನ್‌ಗಳು ಹಂಚಿದ ಬೈಬಲ್ 66ಕ್ಕ ನಿಂತವು.

ತೊಡಕು ಆಗೂದು ದಿನದ ವಾಚನ, ಅಂದ್ರ ಚರ್ಚಿನ್ಯಾಗ ಆ ದಿನಕ್ಕಂತ ಗೊತ್ತು ಮಾಡಿದ ಬೈಬಲ್ ಪಾಠ, ಹುಡುಕೂವಾಗ. ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ಕಾಲ) ಐದನೇ ವಾರದ ಸೋಮವಾರ ದಾನಿಯೇಲ 13, ಸುಸನ್ನಳ ಪ್ರಸಂಗ. ಸತ್ಯವೇದದಾಗ ದಾನಿಯೇಲ 12ಕ್ಕ ಮುಗೀತದ, ಹುಡುಕಿದ್ರ ಸಿಗೂದಿಲ್ಲ. ಮಲಾಕಿ 3:19-20 ಅಂತ ಕೊಟ್ಟಿದ್ರ ಸತ್ಯವೇದದಾಗ 4:1-2 ನೋಡ್ರಿ. 51ನೇ ಕೀರ್ತನೆಯ 12ನೇ ವಚನ ಅಂತಿದ್ರ ಅಲ್ಲಿ ಅದು 10. ಮೇಲಿನ ತಲೆಬರಹಕ್ಕ ಕೆಲವರು ಎರಡು ವಚನದ ಅಂಕಿ ಹಾಕತಾರ, ಕೆಲವರು ಹಾಕೂದಿಲ್ಲ. ಪಾಠ ಬದಲಾಗಿಲ್ಲ, ಅಂಕಿ ಬದಲಾಗೇದ. ಹಳೇ ಲತೀನ ಎಣಿಕೆಯೊಳಗ 23ನೇ ಕೀರ್ತನೆ 22 ಆಗಿರತದ, ಯಾಕಂದ್ರ ಅಲ್ಲಿ 9 ಮತ್ತ 10 ಕೂಡಿ ಒಂದ.

ಹಾವೇರಿಯಿಂದ

ಪುಸ್ತಕಗಳ ಲೆಕ್ಕಕ್ಕಿಂತ ಮಗುವಿಗೆ ಗೊಂದಲ ಮಾಡುವುದು ಪದಗಳು. ಸತ್ಯವೇದದ 'ಯೆಹೋವನು' ಕಥೋಲಿಕರ ಬಳಕೆಯ ಅನುವಾದದಲ್ಲಿ 'ಸರ್ವೇಶ್ವರ'. ದೇವರ ಆ ನಾಲ್ಕಕ್ಷರದ ಹೀಬ್ರೂ ಹೆಸರನ್ನು ಪೂಜಾವಿಧಿಯಲ್ಲಿ ಉಚ್ಚರಿಸದೆ 'ಪ್ರಭು' ಎಂಬರ್ಥದ ಪದವನ್ನೇ ಬಳಸಬೇಕೆಂದು 2008ರಲ್ಲಿ ವ್ಯಾಟಿಕನ್ ಸೂಚಿಸಿದೆ. ಯೋಹಾನ, ಯೊವಾನ್ನ ಇಬ್ಬರಲ್ಲ, ಒಬ್ಬನೇ. ಸುವಾರ್ತೆ, ಶುಭಸಂದೇಶ ಎರಡೂ ಒಂದೇ. ಹಳೆಯ ಅನುವಾದ ದೇವರು 'ಉಂಟುಮಾಡಿದನು' ಎಂದರೆ ಹೊಸದು 'ಸೃಷ್ಟಿಮಾಡಿದರು' ಎನ್ನುತ್ತದೆ. ಏಕವಚನ ಅಗೌರವವಲ್ಲ, ಆ ಕಾಲದ ಗ್ರಂಥಭಾಷೆ.

ನಿಜವಾದ ವ್ಯತ್ಯಾಸ ಲೂಕ 1:28ರಲ್ಲಿದೆ. ದೇವದೂತ ಮರಿಯಳನ್ನು ಕರೆಯುವ ಗ್ರೀಕ್ ಪದವನ್ನು ಪ್ರಾಚೀನ ಅನುವಾದಕ ಜೆರೋಮನ ಲತೀನ್ ಪಾಠ 'ವರಪ್ರಸಾದ ಪೂರ್ಣೆ' ಎಂಬರ್ಥದಲ್ಲಿ ತಂದಿತು. ಪ್ರೊಟೆಸ್ಟೆಂಟ್ ಅನುವಾದಗಳು 'ದಯೆ ಹೊಂದಿದವಳು' ಎಂಬರ್ಥ ಹಿಡಿದವು. ನಿಮ್ಮ ಮಗಳು ಕಲಿಯುವ 'ನಮೋ ಮರಿಯಾ' ಪ್ರಾರ್ಥನೆ ಮೊದಲನೆಯದನ್ನು ಆಧರಿಸಿದೆ. ಆದ್ದರಿಂದ ಅವಳ ಧರ್ಮೋಪದೇಶಕ್ಕೆ ಕಥೋಲಿಕ ಪ್ರತಿಯನ್ನೇ ಕೊಡಿಸಿ. ರಟ್ಟಿನ ಮೇಲಿನ ಹೆಸರು ನೋಡಿ ಕೊಳ್ಳಬೇಡಿ. ಒಂದೇ ಅನುವಾದ ಆ ಏಳು ಪುಸ್ತಕ ಸೇರಿಸಿಯೂ ಬಿಟ್ಟೂ ಅಚ್ಚಾಗುವುದುಂಟು. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಧರ್ಮಾಧ್ಯಕ್ಷರ (ಬಿಷಪರ) ಅನುಮತಿ, ಪರಿವಿಡಿಯಲ್ಲಿ ತೋಬಿತ ಇವೆರಡನ್ನೂ ನೋಡಿರಿ. ಬಲಿಪೂಜೆಯಲ್ಲಿ (ಕಥೋಲಿಕರ ಚರ್ಚಿನ ಮುಖ್ಯ ಆರಾಧನೆಯಲ್ಲಿ) ವಾಚನಕ್ಕೆ ನಿಂತರೆ ಮಾತ್ರ ಪೀಠದ ಮೇಲಿನ ವಾಚನಗ್ರಂಥವನ್ನೇ ಓದಬೇಕು, ಸತ್ಯವೇದವನ್ನಲ್ಲ.

ಸಂಜೆ ಅತ್ತೆಯವರೊಡನೆ ಪ್ರಭು ಕಲಿಸಿದ ಪ್ರಾರ್ಥನೆ ಹೇಳುವಾಗ, ಕೊನೆಯ 'ರಾಜ್ಯವೂ ಬಲವೂ ಮಹಿಮೆಯೂ' ಬಂದರೆ ನಿಲ್ಲಿಸಬೇಡಿ. ಅದೇ ಸ್ತುತಿ ಬಲಿಪೂಜೆಯಲ್ಲೂ ಇದೆ. ಅಲ್ಲಿ ನಡುವೆ ಗುರುಗಳ ಒಂದು ಪ್ರಾರ್ಥನೆ ಬರುತ್ತದೆ, ಅಷ್ಟೇ.