ಮಿದುಳಿಗೆ ಒಮೆಗಾ-3: ಅಗಸೆ ಸಾಕೇ?

ಪ್ರಶ್ನೆ, ಸಾಗರದಿಂದ: ನಮ್ಮದು ಮೀನು, ಮೊಟ್ಟೆ ಇಲ್ಲದ ಮನೆ. ಅಪ್ಪನಿಗೆ 64, ಖಿನ್ನತೆಗೆ ಮಾತ್ರೆ ನಡೀತಿದೆ. ಮಿದುಳಿಗೆ ಒಳ್ಳೆಯದು ಅಂತ ದಿನಾ ಒಂದು ಚಮಚ ಅಗಸೆ ಬೀಜ ನುಂಗಿಸುತ್ತಿದ್ದೇವೆ. ಇಷ್ಟು ಸಾಕಾ? ಗೊತ್ತಿದ್ದವರು ಹೇಳಿ.

ತೀರ್ಥಹಳ್ಳಿಯಿಂದ: ಇಡೀ ಬೀಜ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ, ಸಿಪ್ಪೆ ಅಷ್ಟು ಗಟ್ಟಿ. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಒಂದು ದೊಡ್ಡ ಚಮಚ ಪುಡಿ ಸುಮಾರು 7 ಗ್ರಾಂ, ಅದರಲ್ಲಿ 1.6 ಗ್ರಾಂನಷ್ಟು ಎಎಲ್‌ಎ, ಅಂದರೆ ಸಸ್ಯಮೂಲದ ಒಮೆಗಾ-3. ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ. ನಮ್ಮ ಮಳೆಗಾಲದಲ್ಲಿ ಹೊರಗಿಟ್ಟ ಡಬ್ಬಿ ಬೇಗ ಕಮಟುತ್ತದೆ. ಬಾಗಿಲಿಗೆ ಹೊಡೆಯುವ ಬಣ್ಣದ ವಾಸನೆ ಬಂತೆಂದರೆ ಚೆಲ್ಲಿ; ಗಾಳಿ ತಾಗಿದರೆ ಗಟ್ಟಿಯಾಗುವ ಗುಣಕ್ಕೇ ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಹಾಕುವುದು. ಆ ಎಣ್ಣೆಯಲ್ಲಿ ಒಗ್ಗರಣೆ ಬೇಡ. ಅಗಸೆಯ ಲೋಳೆ ಔಷಧಿ ಹೀರುವುದನ್ನು ತಡಮಾಡಬಹುದು, ಮಾತ್ರೆಗೂ ಅದಕ್ಕೂ ಒಂದೆರಡು ಗಂಟೆ ಅಂತರವಿರಲಿ.

ಶಿವಮೊಗ್ಗದಿಂದ: ಪುಡಿಯ ವಿಷಯ ಸರಿ, ಆದರೆ ಅದು ಅರ್ಧ ಉತ್ತರ. ಮಿದುಳಿನ ನರಕೋಶದ ಪೊರೆಯಲ್ಲಿ ಕೂರುವುದು ಡಿಎಚ್‌ಎ ಎಂಬ ಇನ್ನೊಂದು ಒಮೆಗಾ-3, ಎಎಲ್‌ಎ ಅಲ್ಲ. ಎಎಲ್‌ಎಯಿಂದ ನಮ್ಮ ಯಕೃತ್ತು ಇಪಿಎ (ಇದೂ ಒಂದು ಒಮೆಗಾ-3) ಮಾಡುವುದು ನೂರಕ್ಕೆ ಕೆಲವೇ ಪಾಲು, ಡಿಎಚ್‌ಎ ಅದಕ್ಕಿಂತಲೂ ಕಡಿಮೆ. ಗಂಡಸರಲ್ಲಿ ಇನ್ನೂ ಕಡಿಮೆ, ಹೆಂಗಸರಲ್ಲಿ ಈಸ್ಟ್ರೊಜೆನ್ ಸ್ವಲ್ಪ ನೆರವಾಗುತ್ತದೆ.

ಡಿಎಚ್‌ಎಯಿಂದಲೇ ಸೆರಟೋನಿನ್, ಅಂದರೆ ಮನಸ್ಥಿತಿಗೆ ಸಂಬಂಧಿಸಿದ ಮಿದುಳಿನ ರಾಸಾಯನಿಕ, ತಯಾರಾಗುತ್ತದೆ ಅಂದುಕೊಳ್ಳಬೇಡಿ. ಸೆರಟೋನಿನ್ ಬರುವುದು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದ. ಡಿಎಚ್‌ಎ ಪೊರೆಯನ್ನು ಮೆತ್ತಗಿಡುತ್ತದೆ. ಸಂದೇಶ ಹಿಡಿಯುವ ಗ್ರಾಹಕಗಳು ಕೂತಿರುವುದು ಆ ಪೊರೆಯಲ್ಲೇ, ಸಂದೇಶದ ರಾಸಾಯನಿಕ ತುಂಬಿದ ಚೀಲಗಳು ಬಂದು ಒಡೆಯುವುದೂ ಅಲ್ಲೇ. ಹುಟ್ಟಿನಿಂದ ಒಮೆಗಾ-3 ಸಿಗದ ಇಲಿಗಳ ಮುಂಭಾಗದ ಮಿದುಳಿನಲ್ಲಿ ಡೊಪಮೈನ್ ಎಂಬ ಅಂಥದ್ದೇ ರಾಸಾಯನಿಕದ ಚೀಲಗಳ ದಾಸ್ತಾನು ಇಳಿದದ್ದು ಕಂಡಿದೆ. ಇಪಿಎಯ ಕೆಲಸ ಬೇರೆ. ಪೊರೆಯಿಂದ ಕಿತ್ತುಬರುವ ಅರಾಕಿಡೋನಿಕ್ ಆಮ್ಲ, ಇದು ಒಮೆಗಾ-6, ಉರಿಯೂತದ ಪ್ರೊಸ್ಟಗ್ಲಾಂಡಿನ್ ಆಗುತ್ತದೆ. ಅದನ್ನು ಮಾಡುವ ಕಿಣ್ವಕ್ಕೆ ಇಪಿಎ ಪೈಪೋಟಿಗೆ ನಿಲ್ಲುತ್ತದೆ. ಖಿನ್ನತೆಯಲ್ಲಿ ಉರಿಯೂತದ ಪಾತ್ರವೂ ಇರಬಹುದು; ಬಹುಶಃ ಅದಕ್ಕೇ ಇಪಿಎ ಹೆಚ್ಚಿರುವ ಕ್ಯಾಪ್ಸೂಲ್‌ಗಳೇ ಸ್ವಲ್ಪ ಫಲ ತೋರಿಸಿದ್ದು. ಸ್ವಲ್ಪ ಅಂದೆ, ನೆನಪಿರಲಿ. ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ.

ಹೊಸನಗರದಿಂದ: ಅಡಿಗೆ ಎಣ್ಣೆ ನೋಡದೆ ಅಗಸೆ ಕೊಟ್ಟು ಏನು ಬಂತು? ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ನೂರಕ್ಕೆ ಅರವತ್ತರ ಹತ್ತಿರ ಒಮೆಗಾ-6. ಎಎಲ್‌ಎಯನ್ನು ಇಪಿಎಯತ್ತ ಮಾರ್ಪಡಿಸುವ ಕಿಣ್ವಕ್ಕೆ ಅದೂ ಕಾಯುತ್ತದೆ, ಗುಂಪು ದೊಡ್ಡದಿದ್ದವರಿಗೆ ಪಾಳಿ. ಹುಚ್ಚೆಳ್ಳೆಣ್ಣೆಯೂ ಒಮೆಗಾ-6 ಗಣಿಯೇ. ತೆಂಗಿನೆಣ್ಣೆ, ಉಪ್ಪಾಗೆ ತುಪ್ಪದಲ್ಲಿ (ಉಪ್ಪಾಗೆ ಬೀಜದ ಕೊಬ್ಬು) ಒಮೆಗಾ-3 ಇಲ್ಲ, ಆದರೆ ಒಮೆಗಾ-6 ಕೂಡ ಕಡಿಮೆ, ಪೈಪೋಟಿಗೆ ಬರುವುದಿಲ್ಲ. ಸಾಸಿವೆ ಎಣ್ಣೆಯಲ್ಲಿ ನೂರಕ್ಕೆ ಹತ್ತರಷ್ಟು ಎಎಲ್‌ಎ, ಆದರೆ ಆ ಘಾಟು ಇಲ್ಲಿ ಯಾರ ಬಾಯಿಗೆ ಹಿಡಿದೀತು! ಗೋಣಿಸೊಪ್ಪು ಸಿಕ್ಕರೆ ಬಿಡಬೇಡಿ, ಅದರಲ್ಲೂ ಎಎಲ್‌ಎ ಇದೆ.

ಮೀನು ತಿನ್ನುವವರಿಗೆ ದಾರಿ ಸುಲಭ, ಇಪಿಎ, ಡಿಎಚ್‌ಎ ನೇರವಾಗಿ ಸಿಗುತ್ತವೆ. ಘಟ್ಟ ಹತ್ತಿ ಬರುವ ಭೂತಾಯಿ, ಬಂಗುಡೆ, ವಾರಕ್ಕೆರಡು ಸಲ, ಸಾರು ಮಾಡಿ. ಕಾದ ಎಣ್ಣೆಯಲ್ಲಿ ಕರಿದರೆ ಮೀನಿನ ಕೊಬ್ಬು ಸ್ವಲ್ಪ ಇಳಿದು ಬಾಣಲೆಯ ಎಣ್ಣೆ ಒಳಗೆ ಹೋಗುತ್ತದೆ. ಜೂನ್, ಜುಲೈ ಟ್ರಾಲ್ ದೋಣಿ ನಿಷೇಧದ ಕಾಲಕ್ಕೆ ಒಣಮೀನನ್ನು ನೆಚ್ಚಬೇಡಿ; ಬಿಸಿಲು, ಗಾಳಿಗೆ ಅದರ ಒಮೆಗಾ-3 ಕೆಟ್ಟಿರುತ್ತದೆ.

ಸಾಗರದಿಂದ: ಪಾಚಿ ಎಣ್ಣೆ ಕ್ಯಾಪ್ಸೂಲ್ ಸಸ್ಯಾಹಾರಿಗೆ ಆಗುತ್ತಂತಲ್ಲ?

ಶಿವಮೊಗ್ಗದಿಂದ: ಆಗುತ್ತದೆ, ಮೀನಿಗೂ ಇಪಿಎ, ಡಿಎಚ್‌ಎ ಪಾಚಿಯಿಂದಲೇ ಬಂದದ್ದು. ಆದರೆ ಹಲವು ಪಾಚಿ ಎಣ್ಣೆಗಳಲ್ಲಿ ಡಿಎಚ್‌ಎಯೇ ಜಾಸ್ತಿ. ಇಪಿಎ ಎಷ್ಟು ಎಂದು ಹಿಂಬದಿ ಓದಿ. ಡಬ್ಬಿಯ ಮುಂಬದಿ 1000 ಮಿಗ್ರಾಂ ಅಂತ ಬರೆದಿರುವುದು ಬರೀ ಎಣ್ಣೆಯ ತೂಕ. ಮಾಮೂಲಿ ಮೀನೆಣ್ಣೆ ಕ್ಯಾಪ್ಸೂಲಲ್ಲಿ ಇಪಿಎ 180, ಡಿಎಚ್‌ಎ 120 ಮಿಗ್ರಾಂ. ಖಿನ್ನತೆಯ ಅಧ್ಯಯನಗಳಲ್ಲಿ ಕೊಟ್ಟದ್ದು ದಿನಕ್ಕೆ 1ರಿಂದ 2 ಗ್ರಾಂ ಇಪಿಎ, ಅಂದರೆ ಅಂಥವು ಆರಾದರೂ ಬೇಕು. ಊಟದ ನಡುವೆ ಕೊಡಿ. ಖಾಲಿ ಹೊಟ್ಟೆಗೆ ಸರಿಯಾಗಿ ಹೀರುವುದಿಲ್ಲ, ತೇಗೂ ಬರುತ್ತದೆ. ಎಂಟು ವಾರಕ್ಕೆ ಮುಂಚೆ ಫಲ ಲೆಕ್ಕ ಹಾಕಬೇಡಿ, ರಕ್ತಕಣದ ಪೊರೆ ಪೂರ್ತಿ ಬದಲಾಗಲು ಮೂರು ನಾಲ್ಕು ತಿಂಗಳು. ಅಪ್ಪನವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಆಸ್ಪಿರಿನ್ ಥರದ್ದು ತಗೊಳ್ತಿದ್ದರೆ ಅಥವಾ ಎದೆಬಡಿತ ಏರುಪೇರಾಗುತ್ತಿದ್ದರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ಡಬ್ಬಿ ತೋರಿಸಿ: ದಿನಕ್ಕೆ ಒಂದು ಗ್ರಾಂ ದಾಟಿದ ಪ್ರಮಾಣದಲ್ಲಿ ಹೃದಯ ಕಂಪನ, ಅಂದರೆ ಎದೆಬಡಿತ ಲಯ ತಪ್ಪುವ ತೊಂದರೆ, ಹೆಚ್ಚಾದದ್ದು ದಾಖಲಾಗಿದೆ.