ಜಾಮೀನು ಆಗಿದೆ, ಆಸಾಮಿ ಇನ್ನೂ ಒಳಗೇ ಇದ್ದಾನೆ: ವಿಚಾರಣಾಧೀನ ಕೈದಿಗಳ ಟೇಬಲ್ ನೋಡಿಕೊಳ್ಳುವವರಿಗೆ

ಕೇಳಿದವರು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಹೊರಗುತ್ತಿಗೆ ಮೇಲೆ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದ್ದೇನೆ. ವಿಚಾರಣಾಧೀನ ಕೈದಿಗಳ ಟೇಬಲ್ ನನ್ನದು. ಜಾಮೀನು ಮಂಜೂರಾಗಿಯೂ ಹೊರಗೆ ಬಾರದವರ ಪಟ್ಟಿ, ಯಾರನ್ನು ಬಿಡಬಹುದೆಂದು ನೋಡುವ ಪರಿಶೀಲನಾ ಸಮಿತಿಯ ಸಭೆಗೆ ಪಟ್ಟಿ, ಹೊರಬಂದವರು ವಾಯಿದೆ ತಪ್ಪಿಸದಂತೆ ನೋಡಿಕೊಳ್ಳುವುದು, ಮೂರೂ ಇದರಲ್ಲೇ. ಹಿಂದಿನವರು ಬಿಟ್ಟುಹೋದ ಎಕ್ಸೆಲ್ ಹಾಳೆಯಲ್ಲಿ ಹೆಸರು, ಕಲಂ, ಜೈಲು ಅಷ್ಟೇ ಇದೆ. ರಿಜಿಸ್ಟರ್ ಹೇಗಿಡಬೇಕು, ಎಲ್ಲಿ ಎಡವುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಿ.

ಪ್ರಾಧಿಕಾರದ ಕಚೇರಿ ಸಹಾಯಕಿ: ಹೆಸರಿನ ಪಟ್ಟಿಯಿಂದ ಯಾರೂ ಹೊರಗೆ ಬರುವುದಿಲ್ಲ, ದಿನಾಂಕದ ಪಟ್ಟಿ ಬೇಕು. ಬಂಧನ, ಮೊದಲ ರಿಮ್ಯಾಂಡ್ (ನ್ಯಾಯಾಲಯ ಕಸ್ಟಡಿಗೆ ಒಪ್ಪಿಸಿದ್ದು), ಚಾರ್ಜ್‌ಶೀಟ್, ಜಾಮೀನು ಆದೇಶ, ಜಾಮೀನುದಾರರನ್ನು ಒದಗಿಸಿದ್ದು, ಬಿಡುಗಡೆ ಆದೇಶ ಜೈಲಿಗೆ ಮುಟ್ಟಿದ್ದು, ಆಸಾಮಿ ಗೇಟು ದಾಟಿದ್ದು. ಈ ಏಳು ದಿನಾಂಕಗಳಲ್ಲಿ ಯಾವುದು ಖಾಲಿ ಇದೆಯೋ ಕೆಲಸ ನಿಂತಿರುವುದು ಅಲ್ಲೇ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಜಾಮೀನು ಆದೇಶದ ಪ್ರತಿ ಅದೇ ದಿನ ಇಲ್ಲವೇ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಹೋಗಬೇಕು, ಅಧೀಕ್ಷಕರು ಅದನ್ನು ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ದಾಖಲಿಸಬೇಕು. 7 ದಿನವಾದರೂ ಬಿಡುಗಡೆಯಾಗದಿದ್ದರೆ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ನಿಮ್ಮ ಕೆಲಸ ಶುರುವಾಗುವುದು ಆ ಏಳನೇ ದಿನ. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದು. ಹಾಗಾಗಿ 7 ಮತ್ತು 30 ದಾಟಿದ ಸಾಲುಗಳಿಗೆ ಬೇರೆ ಬೇರೆ ಬಣ್ಣ ಹಾಕಿ.

ಸಿಎನ್‌ಆರ್, ಅಂದರೆ ಇ-ಕೋರ್ಟ್ಸ್‌ನಲ್ಲಿ ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆಯ ವಿಷಯದಲ್ಲಿ ಹೊಸಬರೆಲ್ಲ ಎಡವುತ್ತಾರೆ. ಸೆಷನ್ಸ್ ಕೋರ್ಟಿನಲ್ಲಿ ಜಾಮೀನು ಅರ್ಜಿಗೆ ಕ್ರಿಮಿನಲ್ ಮಿಸಲೇನಿಯಸ್ ಎಂದು ಪ್ರತ್ಯೇಕ ನಂಬರ್ ಬೀಳುತ್ತದೆ, ಅದರ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಕೂಡ ಪ್ರತ್ಯೇಕ. ಆದೇಶವಾದ ಕೂಡಲೇ ಅದು 'ವಿಲೇವಾರಿ' ಎಂದು ತೋರಿಸುತ್ತದೆ. ಅದನ್ನೇ ರಿಜಿಸ್ಟರಿಗೆ ಹಾಕಿಕೊಂಡರೆ ಮೂಲ ಕೇಸಿನ ಮುಂದಿನ ವಾಯಿದೆ ಎಂದೂ ಕಾಣುವುದಿಲ್ಲ. ಎರಡಕ್ಕೂ ಎರಡು ಕಾಲಂ ಇಡಿ.

ನಿವೃತ್ತ ಶಿರಸ್ತೇದಾರರು: ಸೆಷನ್ಸ್ ಅಥವಾ ಹೈಕೋರ್ಟ್ ಜಾಮೀನು ಕೊಟ್ಟರೂ ಬಾಂಡ್ ಬರೆಸಿಕೊಳ್ಳುವುದು, ಬಿಡುಗಡೆ ಆದೇಶ ಹೊರಡಿಸುವುದು ಸಾಮಾನ್ಯವಾಗಿ ಕೇಸು ಬಾಕಿ ಇರುವ ಕೆಳ ನ್ಯಾಯಾಲಯ. ಆದೇಶದ ಪ್ರತಿ ಅಲ್ಲಿಗೆ ಮುಟ್ಟಿದೆಯೇ ಎಂದು ಮೊದಲು ವಿಚಾರಿಸಿ. ಎಷ್ಟೋ ಕಡತ ಈ ಎರಡು ಕಟ್ಟಡಗಳ ನಡುವೆಯೇ ಕೂತಿರುತ್ತದೆ.

ಜಾಮೀನುದಾರರ ದಾಖಲೆಯಲ್ಲಿ ತಿರಸ್ಕಾರವಾಗುವುದು ಹೆಚ್ಚಾಗಿ ಪಹಣಿಯಿಂದ. 9ನೇ ಕಾಲಂನಲ್ಲಿ ತೀರಿಹೋದ ತಂದೆಯ ಹೆಸರೇ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಜಂಟಿ ಖಾತೆಯಾಗಿದ್ದರೆ ಇವರ ಪಾಲು ಎಷ್ಟು ಎಂದು ಗೊತ್ತಾಗುವುದಿಲ್ಲ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಜಮೀನಿನ ಬೆಲೆಗಿಂತ ಹೆಚ್ಚಿರುತ್ತದೆ. ಕೋರ್ಟಿಗೆ ಬರುವ ಮುಂಚೆಯೇ ಪಿಎಲ್‌ವಿಗೆ (ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರಿಗೆ) ಹೇಳಿ ಈ ಎರಡು ಕಾಲಂ ಓದಿಸಿ. ಇದರ ಜೊತೆಗೆ ಆಧಾರ್, ಫೋಟೊ, ಮತ್ತು ತಾನು ಇನ್ನೂ ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಎಂಬ ಪ್ರಮಾಣ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 486ರ ಪ್ರಕಾರ ಇದು ಕಡ್ಡಾಯ. ಜಾಮೀನುದಾರರನ್ನು ನೀವೇ ಹುಡುಕಿ ತರಲು ಹೋಗಬೇಡಿ. ಕೋರ್ಟಿನ ಹೊರಗೆ ಬಾಡಿಗೆಗೆ ನಿಲ್ಲುವವರು ಸಿಗುತ್ತಾರೆ, ಅವರ ದಾಖಲೆ ಖೊಟ್ಟಿ ಎಂದಾದರೆ ಆಸಾಮಿ ಮತ್ತೆ ಒಳಗೆ, ನಿಮ್ಮ ಹೆಸರೂ ಹೇಳಿಕೆಯಲ್ಲಿ.

ಬಿಡುಗಡೆ ಆದೇಶ ಜೈಲಿನಿಂದ ವಾಪಸ್ ಬರುವುದು ಅಕ್ಷರ ತಪ್ಪಿನಿಂದ. ಎಫ್‌ಐಆರ್‌ನಲ್ಲಿ 'ಮಂಜ ಅಲಿಯಾಸ್ ಮಂಜುನಾಥ', ರಿಮ್ಯಾಂಡ್ ವಾರಂಟಿನಲ್ಲಿ 'ಮಂಜುನಾಥ ಬಿನ್ ಹನುಮಂತಪ್ಪ', ಬಿಡುಗಡೆ ಆದೇಶದಲ್ಲಿ 'ಮಂಜುನಾಥ ಬಿನ್ ಹನುಮಯ್ಯ' ಅಂತಿದ್ದರೆ ಜೈಲಿನವರು ಬಿಡುವುದಿಲ್ಲ, ಬಿಡಲೂಬಾರದು. ಅದೇ ಬ್ಯಾರಕಿನಲ್ಲಿ ಇನ್ನೊಬ್ಬ ಮಂಜುನಾಥ ಇರುತ್ತಾನೆ. ಕಲಂಗಳದೂ ಇದೇ ಕಥೆ. ರಿಮ್ಯಾಂಡಿನಲ್ಲಿ ಐಪಿಸಿ 379 (ಕಳವು) ಮಾತ್ರ, ಚಾರ್ಜ್‌ಶೀಟಿನಲ್ಲಿ 457 (ರಾತ್ರಿ ಮನೆ ಒಡೆದದ್ದು), 380 (ಮನೆಯೊಳಗಿನ ಕಳವು) ಸೇರಿಕೊಂಡಿರುತ್ತದೆ, ಬಿಡುಗಡೆ ಆದೇಶಕ್ಕೆ ಹಳೆಯದನ್ನೇ ನಕಲು ಮಾಡಿರುತ್ತಾರೆ. ಹೆಸರು, ತಂದೆಯ ಹೆಸರು, ಠಾಣೆಯ ಕ್ರೈಂ ನಂಬರ್, ಸಿ.ಸಿ. ನಂಬರ್ (ಚಾರ್ಜ್‌ಶೀಟ್ ಆದ ಮೇಲೆ ಕೋರ್ಟು ಕೊಡುವುದು), ಕಲಂ, ಯುಟಿಪಿ ನಂಬರ್ (ಜೈಲಿನಲ್ಲಿ ವಿಚಾರಣಾಧೀನ ಕೈದಿಗೆ ಕೊಡುವುದು), ಈ ಆರನ್ನೂ ರಿಮ್ಯಾಂಡ್ ವಾರಂಟ್ ಪಕ್ಕದಲ್ಲಿಟ್ಟು ತಾಳೆ ನೋಡಿ. ಸಹಿಯಾಗುವ ಮುಂಚೆ ಕೇಸ್ ವರ್ಕರ್‌ಗೆ ತೋರಿಸಿದರೆ ಹತ್ತು ನಿಮಿಷದ ಕೆಲಸ, ಸಹಿಯಾದ ಮೇಲೆ ಗೊತ್ತಾದರೆ ಸೋಮವಾರದವರೆಗೂ ಹೋಯಿತು.

ಜೈಲು ಕಾನೂನು ನೆರವು ಕೇಂದ್ರದ ಪಿಎಲ್‌ವಿ, ಬೆಳಗಾವಿ ಕಡೆಯವರು: ಶಿರಸ್ತೇದಾರ್ ಸಾಹೇಬ್ರು ಹೇಳಿದ್ದಕ್ಕ ಒಂದು ಸೇರಸ್ತೀನ್ರಿ, ಬಾಡಿ ವಾರಂಟ್, ಅಂದ್ರ ಒಳಗಿದ್ದವನ್ನ ಇನ್ನೊಂದು ಕೇಸಿಗೆ ಹಾಜರ ಮಾಡ್ರಿ ಅಂತ ಕೋರ್ಟ್ ಜೈಲಿಗೆ ಕಳಸೂ ಆದೇಶ. ಒಂದು ಕೇಸಿನ್ಯಾಗ ಜಾಮೀನು ಆಗಿರ್ತದ, ಬ್ಯಾರೆ ಊರಿನ ಕೋರ್ಟಿನಿಂದ ಬಾಡಿ ವಾರಂಟ್ ಬಂದು ಕುಂತಿರ್ತದ. ಮನಿ ಮಂದಿ ಸಾಲ ಮಾಡಿ ಶ್ಯೂರಿಟಿ ಕೊಟ್ಟು ಗೇಟಿನ ಮುಂದ ನಿಂತಿರ್ತಾರ, ಹುಡುಗ ಹೊರಗ ಬರೂದಿಲ್ಲ. ಅದಕ್ಕ ಹಾಳ್ಯಾಗ 'ಇತರ ಕೇಸುಗಳು' ಅಂತ ಒಂದು ಕಾಲಂ ಮಾಡ್ರಿ. ಕೈದಿನ್ನ ಬಾಯಿಮಾತಿನಿಂದ ಕೇಳಿ ತುಂಬಬ್ಯಾಡ್ರಿ, ಜೈಲಿನ ವಾರಂಟ್ ವಿಭಾಗದಾಗಿನ ದಾಖಲೆ ನೋಡಿ ತುಂಬ್ರಿ. ಮನಿಯವರಿಗೂ ಶ್ಯೂರಿಟಿ ತರೂಕಿಂತ ಮೊದಲ ಇದನ್ನ ಹೇಳ್ರಿ. ಇನ್ನ, ಸಂಜಿ ಲಾಕಪ್ ಆದ ಮ್ಯಾಲ ಬಂದ ಆದೇಶ ಮರುದಿನಕ್ಕ ಹೋಗ್ತದ. ನಿಮ್ಮ ಜೈಲಿನ ಟೈಮ್ ಕೇಳಿಟ್ಕೊರ್ರಿ.

ಕಾನೂನು ನೆರವು ಡಿಫೆನ್ಸ್ ಕೌನ್ಸೆಲ್ ಕಚೇರಿಯಿಂದ: ಪರಿಶೀಲನಾ ಸಮಿತಿಯ ಪಟ್ಟಿಗೆ ಲೆಕ್ಕ ಮುಖ್ಯ. ಬಿಎನ್‌ಎಸ್‌ಎಸ್ 479ರ ಪ್ರಕಾರ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರು ಜಾಮೀನಿಗೆ ಅರ್ಹರು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿಲ್ಲದಿದ್ದರೆ ಮೂರನೇ ಒಂದು ಭಾಗ ಸಾಕು. ಅರ್ಜಿ ಹಾಕಬೇಕಾದವರು ಜೈಲು ಅಧೀಕ್ಷಕರೇ. 2024ರ ಜುಲೈ 1ಕ್ಕೂ ಮುಂಚಿನ ಕೇಸುಗಳಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಅದೇ ವರ್ಷ ಆಗಸ್ಟ್ 23ರಂದು ಸ್ಪಷ್ಟಪಡಿಸಿದೆ. ಹಳೆ ಐಪಿಸಿ ಕೇಸು ಎಂದು ಪಟ್ಟಿಯಿಂದ ಕೈಬಿಡಬೇಡಿ.

ಉದಾಹರಣೆಗೆ 379 ಮಾತ್ರ ಇದ್ದರೆ ಗರಿಷ್ಠ 3 ವರ್ಷ. ಮೊದಲ ಸಲದವರಿಗೆ 1 ವರ್ಷ, ಉಳಿದವರಿಗೆ ಒಂದೂವರೆ ವರ್ಷ. ಕಳವಿಗಾಗಿ ರಾತ್ರಿ ಮನೆ ಒಡೆದ 457 ಸೇರಿದರೆ ಗರಿಷ್ಠ 14 ವರ್ಷ, ಆಗ ಮೂರನೇ ಒಂದು ಭಾಗವೇ 4 ವರ್ಷ 8 ತಿಂಗಳು. ಒಂದು ಕಲಂ ಬಿಟ್ಟುಹೋದರೆ ಇಡೀ ಲೆಕ್ಕ ತಲೆಕೆಳಗು. ಶಿಕ್ಷೆಯಲ್ಲಿ ಮರಣದಂಡನೆ ಅಥವಾ ಜೀವಾವಧಿ ಎಂದಿದ್ದರೆ 479 ಇಲ್ಲ. 302 (ಕೊಲೆ), 395 (ಡಕಾಯಿತಿ) ಎಲ್ಲರಿಗೂ ಗೊತ್ತು, ಆದರೆ 326ರಲ್ಲೂ (ಆಯುಧದಿಂದ ತೀವ್ರ ಗಾಯ) ಜೀವಾವಧಿ ಇದೆ, ಗಾಯವಾಗಿದ್ದರೆ 307ರಲ್ಲೂ (ಕೊಲೆ ಯತ್ನ) ಇದೆ. ಬೇರೆ ಕೇಸುಗಳೂ ಬಾಕಿ ಇದ್ದವರಿಗೆ 479ರ ಎರಡನೇ ಉಪಕಲಂ ಅಡ್ಡ ಬರುತ್ತದೆ. ಇವರನ್ನೆಲ್ಲ ಅಳಿಸಿಹಾಕದೆ ಬೇರೆ ಹಾಳೆಗೆ ಹಾಕಿ ನಮಗೆ ಕಳಿಸಿ, ಸಾಮಾನ್ಯ ಜಾಮೀನು ಅರ್ಜಿಗೆ ದಾರಿ ಇದ್ದೇ ಇದೆ. ನಡುವೆ ಮಧ್ಯಂತರ ಜಾಮೀನಿನಲ್ಲಿ ಹೊರಗಿದ್ದ ದಿನಗಳನ್ನು ಕಳೆಯಲು ಮರೆಯಬೇಡಿ.

ಚಾರ್ಜ್‌ಶೀಟಿನ ಗಡುವೂ ಅಲ್ಲೇ ಇರಲಿ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಇಲ್ಲವೇ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60. ರಿಮ್ಯಾಂಡ್ ಆದ ದಿನವನ್ನೂ ಸೇರಿಸಿ ಎಣಿಸಬೇಕು, ಇದು 2023ರಲ್ಲಿ ಇತ್ಯರ್ಥವಾಗಿದೆ. ಗಡುವು ದಾಟಿದರೆ ಜಾಮೀನು ಹಕ್ಕಾಗುತ್ತದೆ, ಆದರೆ ಗಡುವು ದಾಟಿದ ಮೇಲೆ, ಚಾರ್ಜ್‌ಶೀಟ್ ಬೀಳುವ ಮುಂಚೆ ಅರ್ಜಿ ಹಾಕಿದರೆ ಮಾತ್ರ ಆ ಹಕ್ಕು ಉಳಿಯುತ್ತದೆ. ಆದ್ದರಿಂದ ಎಕ್ಸೆಲ್ 50ನೇ ಮತ್ತು 80ನೇ ದಿನಕ್ಕೇ ಎಚ್ಚರಿಸುವಂತೆ ಮಾಡಿ.

ಕೇಳಿದವರು: ತುಂಬಾ ಧನ್ಯವಾದ. ಜಾಮೀನುದಾರರೇ ಇಲ್ಲದವರಿಗೆ ಏನು ಮಾಡುವುದು? ಪಟ್ಟಿಯಲ್ಲಿ ಅರ್ಧದಷ್ಟು ಜನ ಹೊರರಾಜ್ಯದ ಕೂಲಿಗಳು.

ಪ್ರಾಧಿಕಾರದ ಕಚೇರಿ ಸಹಾಯಕಿ: ಸ್ಥಳೀಯ ಜಾಮೀನುದಾರರೇ ಬೇಕು ಎನ್ನುವುದು ಸರಿಯಲ್ಲ ಎಂದು 1978ರಲ್ಲೇ ಮೋತಿ ರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದಿದ್ದಾರೆ, 2023ರ ನಿರ್ದೇಶನದಲ್ಲೂ ಅದು ಬಂದಿದೆ. ಆದರೂ ಕೇಳುತ್ತಾರೆ. ನೀವು ಮಾಡಬೇಕಾದದ್ದು ಆ ಕೈದಿಯ ಸಾಮಾಜಿಕ, ಆರ್ಥಿಕ ಸ್ಥಿತಿಯ ವರದಿ ಸಿದ್ಧಪಡಿಸಲು ನೆರವಾಗುವುದು. 'ಬಡವ' ಎಂದು ಬರೆದರೆ ಅದಕ್ಕೆ ಬೆಲೆಯಿಲ್ಲ. ಎಲ್ಲಿ, ಎಷ್ಟು ವರ್ಷದಿಂದ ವಾಸ, ಯಾರ ಬಳಿ ಕೆಲಸ, ದಿನಗೂಲಿ ಎಷ್ಟು, ಮನೆಯಲ್ಲಿ ಅವಲಂಬಿತರು ಯಾರು, ಹಿಂದಿನ ಕೇಸಿನಲ್ಲಿ ವಾಯಿದೆಗೆ ಹಾಜರಾಗಿದ್ದನೇ, ಯಾರ ಫೋನಿಗೆ ಕರೆ ಮಾಡಿದರೆ ಸಿಗುತ್ತಾನೆ, ಇಷ್ಟಿರಬೇಕು. 1979ರ ಹುಸೈನಾರಾ ಖಾತೂನ್ ತೀರ್ಪು ನೋಡಲು ಹೇಳಿದ್ದೂ ಹೆಚ್ಚುಕಡಿಮೆ ಇವನ್ನೇ. ಇದರ ಮೇಲೆ ಬಾಂಡ್ ಮೊತ್ತ ಇಳಿಸಲು ಬಿಎನ್‌ಎಸ್‌ಎಸ್ 484ರ ಅರ್ಜಿ, ಇಲ್ಲವೇ ಹೊರಗೆ ಹೋಗಿ ಜಾಮೀನುದಾರರನ್ನು ತರುತ್ತೇನೆ ಎನ್ನುವವರಿಗೆ ತಾತ್ಕಾಲಿಕ ಜಾಮೀನಿನ ಅರ್ಜಿ ವಕೀಲರು ಹಾಕುತ್ತಾರೆ. ಜಾಮೀನು ಹಕ್ಕಾಗಿ ಸಿಗುವ ಅಪರಾಧವಾಗಿದ್ದು ಬಂಧನವಾಗಿ ಒಂದು ವಾರವಾದರೂ ಶ್ಯೂರಿಟಿ ಕೊಡಲಾಗದಿದ್ದರೆ, 478ರ ವಿವರಣೆಯ ಪ್ರಕಾರ ಆತ ನಿರ್ಗತಿಕನೆಂದೇ ಭಾವಿಸಿ ವೈಯಕ್ತಿಕ ಬಾಂಡ್ ಮೇಲೆ ಬಿಡಬೇಕು. ಹಲವು ಕೇಸಿದ್ದವರಿಗೆ ಒಬ್ಬರೇ ಜಾಮೀನುದಾರರು ಎಲ್ಲದಕ್ಕೂ ನಿಲ್ಲಲು 2024ರ ಗಿರೀಶ್ ಗಾಂಧಿ ತೀರ್ಪು ಅವಕಾಶ ಕೊಟ್ಟಿದೆ.

ದುಡ್ಡಿನ ತೊಂದರೆಯೊಂದೇ ಆದರೆ ಕೇಂದ್ರದ ಬಡ ಕೈದಿಗಳ ನೆರವು ಯೋಜನೆ ಇದೆ. 2023ರ ಮಾರ್ಗಸೂಚಿಯಲ್ಲಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಎಂದಿತ್ತು, ಈಚಿನ ಸುತ್ತೋಲೆಯಲ್ಲಿ ಮೊತ್ತ ನೋಡಿಕೊಂಡೇ ಟಿಪ್ಪಣಿ ಹಾಕಿ. ಎನ್‌ಡಿಪಿಎಸ್ (ಮಾದಕವಸ್ತು), ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ), ಪಿಎಂಎಲ್‌ಎ (ಹಣ ಅಕ್ರಮ ವರ್ಗಾವಣೆ ತಡೆ), ಭ್ರಷ್ಟಾಚಾರ ತಡೆ ಕಾಯ್ದೆ ಕೇಸುಗಳಿಗೆ ಇದು ಸಿಗುವುದಿಲ್ಲ. ಹಣ ಕೈದಿಯ ಕೈಗೆ ಹೋಗುವುದಲ್ಲ, ನ್ಯಾಯಾಲಯಕ್ಕೆ ಠೇವಣಿಯಾಗಿ ಹೋಗುವುದು. ಹಾಗಾಗಿ ನಗದು ಠೇವಣಿಗೆ ಆದೇಶದಲ್ಲಿ ಅವಕಾಶ ಇರಬೇಕು. ಇಲ್ಲದಿದ್ದರೆ ಮೊದಲು ಅದಕ್ಕೊಂದು ಅರ್ಜಿ. ಈ ಯೋಜನೆಯ ಸಮಿತಿಯ ಮುಂದೆ ಹೋಗಿ ವಾಪಸ್ ಬರುವ ಕಡತಗಳಲ್ಲಿ ಕೊರತೆ ಇದೇ.

ತಾಲ್ಲೂಕು ಕಾನೂನು ಸೇವಾ ಸಮಿತಿಯ ಸಿಬ್ಬಂದಿ: ಹೊರಬಂದ ಮೇಲಿನ ಕೆಲಸವನ್ನು ಯಾರೂ ಹೇಳಲಿಲ್ಲ. ನಮ್ಮಲ್ಲಿ ಅದಕ್ಕೆ ಪ್ರತ್ಯೇಕ ಇಲಾಖೆ ಇಲ್ಲ, ಫೋನ್ ಹಿಡಿದು ಕೂರುವವರೇ ಇಲಾಖೆ. ಗೇಟಿನಲ್ಲಿ ಕೈಗೆ ಒಂದು ಚೀಟಿ ಸಿಗಬೇಕು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: ಯಾವ ಊರಿನ ಯಾವ ಕೋರ್ಟು, ಎಷ್ಟನೇ ಮಹಡಿ, ವಾಯಿದೆ ಯಾವ ವಾರ ಯಾವ ತಾರೀಖು, ವಕೀಲರ ಫೋನ್, ಠಾಣೆಯಲ್ಲಿ ಸಹಿ ಹಾಕಬೇಕಾದ ದಿನ. ಹೊರರಾಜ್ಯದವರಿಗೆ ಹಿಂದಿಯಲ್ಲೋ ತೆಲುಗಿನಲ್ಲೋ ಒಂದು ಪ್ರತಿ. ವಾಯಿದೆಗೆ ಮೂರು ದಿನ ಮುಂಚೆ ಒಂದು ಕರೆ, ಹಿಂದಿನ ಸಂಜೆ ಒಂದು ಮೆಸೇಜು. ನಂಬರ್ ಎರಡು ಬರೆದುಕೊಳ್ಳಿ, ತಾಯಿಯದೋ ಹೆಂಡತಿಯದೋ ಒಂದಿರಲಿ. ಆಸಾಮಿಯ ಸಿಮ್ ತಿಂಗಳೊಳಗೆ ಬದಲಾಗುತ್ತದೆ.

ಜನ ತಪ್ಪಿಸಿಕೊಳ್ಳುವುದು ಓಡಿಹೋಗಿ ಅಲ್ಲ, ನಂಬರ್ ಬದಲಾಗಿ. ಕ್ರೈಂ ನಂಬರ್ ಹಂತದಲ್ಲಿ ಜಾಮೀನಾಗಿರುತ್ತದೆ, ಚಾರ್ಜ್‌ಶೀಟ್ ಬಿದ್ದು ಸಿ.ಸಿ. ಆಗುತ್ತದೆ. ಸೆಷನ್ಸ್ ವಿಚಾರಣೆಯ ಅಪರಾಧವಾದರೆ ಸೆಷನ್ಸ್ ಕೋರ್ಟಿಗೆ ಕಮಿಟ್ (ಒಪ್ಪಿಸಿದ್ದು) ಆಗಿ ಎಸ್.ಸಿ. (ಸೆಷನ್ಸ್ ಕೇಸ್) ನಂಬರ್, ಬೇರೆ ಕೋರ್ಟು, ಬೇರೆ ತಾರೀಖು. ಆಸಾಮಿ ಹಳೆ ಕೋರ್ಟಿನ ಬಾಗಿಲಲ್ಲಿ ನಿಂತಿರುವಾಗ ಹೊಸ ಕೋರ್ಟಿನಲ್ಲಿ ಹೆಸರು ಕೂಗಿ ಎನ್‌ಬಿಡಬ್ಲ್ಯೂ (ಜಾಮೀನುರಹಿತ ವಾರಂಟ್) ಆಗಿರುತ್ತದೆ. ಪ್ರತಿ ಸೋಮವಾರ ಇ-ಕೋರ್ಟ್ಸ್‌ನಲ್ಲಿ ಸಿಎನ್‌ಆರ್ ಹಾಕಿ ಸ್ಥಿತಿ ನೋಡಿ, 'ಕಮಿಟೆಡ್' ಎಂದು ಬಂದ ದಿನವೇ ಹೊಸ ನಂಬರ್ ಹುಡುಕಿ ಫೋನ್ ಮಾಡಿ. ವಾರಂಟ್ ಆಗಿದ್ದರೆ ವಕೀಲರ ಜೊತೆ ತಾನೇ ಹಾಜರಾಗಿ ಅದನ್ನು ರೀಕಾಲ್ (ರದ್ದು) ಮಾಡಿಸಿಕೊಳ್ಳುವಂತೆ ಹೇಳಿ. ಪೊಲೀಸರು ಹಿಡಿದು ತಂದ ಮೇಲೆ ಅದೇ ಅರ್ಜಿಗೆ ಬೆಲೆ ಕಡಿಮೆ. ಕಾರಣವಿಲ್ಲದೆ ತಪ್ಪಿಸಿದರೆ ಬಿಎನ್‌ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 269ರಡಿ ಒಂದು ವರ್ಷದವರೆಗೆ ಶಿಕ್ಷೆಯ ಇನ್ನೊಂದು ಕೇಸು ಎನ್ನುವುದೂ ಚೀಟಿಯಲ್ಲಿರಲಿ.

ನ್ಯೂ ಜೆರ್ಸಿಯಿಂದ ಒಬ್ಬರು: ಇಲ್ಲಿ 2017ರ ಜನವರಿಯಿಂದ ನಗದು ಜಾಮೀನು ಬಹುತೇಕ ನಿಂತು ಕೋರ್ಟಿನದೇ ನಿಗಾ ವಿಭಾಗ ಬಂದಿದೆ. ಆಸಾಮಿಯನ್ನು ಬಿಟ್ಟರೆ ಅಪಾಯ ಎಷ್ಟೆಂದು ಅಳೆಯಲು ಒಂಬತ್ತು ಅಂಶಗಳ ಅಂಕಪಟ್ಟಿ, ಅದರ ಮೇಲೆ ನಿಗಾ ಮಟ್ಟ. ಕೆಳಮಟ್ಟದವರು ತಿಂಗಳಿಗೊಮ್ಮೆ ಫೋನ್ ಮಾಡಿದರೆ ಸಾಕು, ಮೇಲಿನವರಿಗೆ ವಾರವಾರ ಸಂಪರ್ಕ, ಕೆಲವರಿಗೆ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ. ಕಚೇರಿ ಸಿಬ್ಬಂದಿಗೆ ಉಪಯೋಗಕ್ಕೆ ಬರುವ ಮಾತು ಒಂದೇ. ಹಿಂದೆ ವಾಯಿದೆ ತಪ್ಪಿಸಿದ್ದನ್ನು ಇಲ್ಲಿ ಎರಡು ವರ್ಷದೊಳಗಿನದು, ಅದಕ್ಕಿಂತ ಹಳೆಯದು ಎಂದು ಬೇರೆ ಬೇರೆ ದಾಖಲಿಸುತ್ತಾರೆ. ನಿಮ್ಮ ವರದಿಯಲ್ಲೂ 'ಹಿಂದೆ ಗೈರು' ಎಂದಷ್ಟೇ ಬರೆಯದೆ ಯಾವಾಗ, ಏಕೆ, ತಾನೇ ಬಂದನೇ ಎಂದು ಬರೆದರೆ ನ್ಯಾಯಾಧೀಶರಿಗೆ ತೂಗಿ ನೋಡಲು ಏನಾದರೂ ಸಿಗುತ್ತದೆ. ಫೋನಿನ ಲೊಕೇಶನ್ ಹಂಚಿಕೊಳ್ಳಬೇಕೆಂಬ ಷರತ್ತು ಮಾತ್ರ ನಿಮ್ಮಲ್ಲಿ ನಡೆಯುವುದಿಲ್ಲ, 2024ರ ಜುಲೈಯಲ್ಲಿ ಫ್ರಾಂಕ್ ವಿಟಸ್ ಪ್ರಕರಣದಲ್ಲಿ ನಿಮ್ಮ ಸುಪ್ರೀಂ ಕೋರ್ಟೇ ತಳ್ಳಿಹಾಕಿದೆ.

ನಿವೃತ್ತ ಶಿರಸ್ತೇದಾರರು: ಕೈದಿಗಳ ಹೆಸರು, ಕಲಂ ಇರುವ ಎಕ್ಸೆಲ್ ಹಾಳೆಯನ್ನು ಪಿಎಲ್‌ವಿಗಳ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಪೋಕ್ಸೋ ಕೇಸಿನದಂತೂ ಖಂಡಿತ ಬೇಡ. ಯಾರಿಗೆ ಯಾವ ಸಾಲು ಬೇಕೋ ಅದನ್ನಷ್ಟೇ ಕೊಡಿ. ಇನ್ನೊಂದು, ನ್ಯಾಯಾಧೀಶರು ರಜೆಯಲ್ಲಿದ್ದಾರೆ ಎಂದು ಜಾಮೀನುದಾರರನ್ನು ವಾಪಸ್ ಕಳಿಸಿಬಿಡಬೇಡಿ. ಪ್ರಭಾರ ಯಾರದ್ದೆಂದು ನೋಟಿಸ್ ಬೋರ್ಡಿನಲ್ಲಿರುತ್ತದೆ, ಆ ನ್ಯಾಯಾಲಯದಲ್ಲೇ ಬಾಂಡ್ ಕೊಡಬಹುದು. ಕಡತವನ್ನು ಅಲ್ಲಿಗೆ ಬೆಳಿಗ್ಗೆ ಹನ್ನೊಂದರೊಳಗೆ ಇಡುವಂತೆ ಬೆಂಚ್ ಕ್ಲರ್ಕ್‌ಗೆ ಹಿಂದಿನ ದಿನವೇ ಹೇಳಿಟ್ಟಿರಿ.